ಖಾಲಿ ಕೈಯ ಸೇನಾಪತಿ

ಹಲ್ಲಪ್ಪ ಎಂಬುದು ಅವನ ತಂದೆತಾಯಿ ಇಟ್ಟ ಹೆಸರಲ್ಲ. ಬೇರೆಯವರ ಬಾಯಿಗೆ ಹಲ್ಲು ಕಟ್ಟಿಕೊಡುವುದು ಅವನ ಕಸುಬಾದ್ದರಿಂದ ಬೀದಿಯವರು ಇಟ್ಟದ್ದು. ಅದು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು. ದಂತವೈದ್ಯರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಿದ್ದರು. ಇವನು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಪ್ಲಾಸ್ಟರಿನ ಅಚ್ಚು ಹೊಯ್ದು, ಮೇಣದಲ್ಲಿ ಒಸಡು ತಿದ್ದಿ, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು, ಡಬ್ಬಿಯಲ್ಲಿಟ್ಟು ವಾಪಸು ಕಳಿಸುತ್ತಿದ್ದ. ಬೀದಿಯಲ್ಲಿ ಯಾರಾದರೂ ನಕ್ಕರೆ ಸಾಕು, ಅದು ತನ್ನ ಕೋಣೆಯಿಂದ ಹೊರಟ ನಗುವೋ ಅಲ್ಲವೋ ಎಂದು ಅವನಿಗೆ ತಿಳಿಯುತ್ತಿತ್ತು. ಎದುರಿಗಿದ್ದವರ ಕಣ್ಣು ನೋಡಿ ಮಾತಾಡುವುದು ಬಿಟ್ಟು ಬಾಯಿ ನೋಡಿ ಮಾತಾಡುವ ಈ ಚಾಳಿಯಿಂದಾಗಿ ಅವನಿಗೆ ಸ್ನೇಹಿತರು ಕಡಿಮೆ. ಸರಿಯಾಗಿ ಹೇಳಬೇಕೆಂದರೆ ಒಬ್ಬರೇ. ಅಕ್ಕನ ಗಂಡ.

ಭಾವ ದರ್ಜಿ. ಹಿಂದಿನ ಬೀದಿಯ ಮೂಲೆಯಲ್ಲಿ ಅವರ ಮನೆ, ಮನೆಯ ಮುಂದೆ ಅಂಗಡಿ. ಇವನು ಬಾಯಿ ನೋಡಿದರೆ ಅವರು ಭುಜ ನೋಡುವವರು. ತಮ್ಮನನ್ನೂ ಗಂಡನನ್ನೂ ಜೊತೆಗೆ ಕರೆದುಕೊಂಡು ಯಾರ ಮನೆಗಾದರೂ ಹೋದರೆ ಆ ಮನೆಯವರು ಒಂದು ಕೈ ಬಾಯಿಗೆ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಅಂಗಿಯ ತೋಳು ಎಳೆದುಕೊಳ್ಳುತ್ತಾ ಕೂತಿರುತ್ತಾರೆ ಎಂದು ಅಕ್ಕ ಗೊಣಗುತ್ತಿದ್ದಳು. ಹೀಗಾಗಿ ಇಬ್ಬರೂ ಎಲ್ಲಿಗೂ ಹೋಗದೆ ಭಾನುವಾರದ ಮಧ್ಯಾಹ್ನಗಳನ್ನು ಹಲ್ಲಪ್ಪನ ಊಟದ ಮೇಜಿನ ಮೇಲೆ ಯುದ್ಧ ಮಾಡುತ್ತಾ ಕಳೆಯುತ್ತಿದ್ದರು.

ಯುದ್ಧವೆಂದರೆ ಗೊಂಬೆಗಳ ಯುದ್ಧ. ಹೆಬ್ಬೆರಳಿನಷ್ಟೆತ್ತರದ ಸೈನಿಕರು, ಇಬ್ಬರಿಗೂ ಒಂದೊಂದು ದಂಡು. ಟೇಪು ಹಿಡಿದು ಗೊಂಬೆಯನ್ನು ಇಂಚಿನ ಲೆಕ್ಕದಲ್ಲಿ ಸರಿಸುವುದು, ದಾಳ ಹಾಕಿ ಹೊಡೆದಾಟ ತೀರ್ಮಾನಿಸುವುದು, ಸತ್ತ ಗೊಂಬೆಯನ್ನು ಹಣ್ಣಿನ ತಟ್ಟೆಗೆ ಹಾಕುವುದು. ಗೊಂಬೆಗಳನ್ನೆಲ್ಲ ಹಲ್ಲಪ್ಪನೇ ಹಲ್ಲುಸೆಟ್ಟಿನಲ್ಲಿ ಮಿಕ್ಕ ಸಾಮಾನಿನಿಂದ ಎರೆದು ಬಣ್ಣ ಬಳಿದಿದ್ದ. ಬಣ್ಣ ಚಕ್ಕೆ ಎದ್ದ ಕಡೆ ವೀರಯೋಧರ ಮೈ ಒಸಡಿನ ಗುಲಾಬಿಗೆ ತಿರುಗುತ್ತಿತ್ತು. ಸೈನಿಕರ ಬಾಯಿ ಮುಚ್ಚಿಯೇ ಇತ್ತು. ಕುದುರೆಗಳಿಗೆ ಮಾತ್ರ ಅವನು ಮನಸ್ಸು ಬಿಚ್ಚಿ ಹಲ್ಲು ಮಾಡಿದ್ದ, ಯಾವ ಶ್ರೀಮಂತನ ಬಾಯಲ್ಲೂ ಅಂಥ ಸಾಲು ಇರಲಿಲ್ಲ. ಧ್ವಜ, ಗುಡ್ಡದ ಹೊದಿಕೆ, ಹೊಳೆ ಇವು ಭಾವನ ಕೊಡುಗೆ. ಹೊಳೆ ಎಂದರೆ ಕೋಟಿನ ಒಳಗೆ ಹಾಕುವ ನೀಲಿ ಲೈನಿಂಗ್ ಬಟ್ಟೆ, ಅಂಚು ಮಡಚಿ ನೀಟಾಗಿ ಹೊಲಿದದ್ದು. ಅದು ಮೇಜಿನ ಈ ತುದಿಯಿಂದ ಆ ತುದಿಗೆ ಹರಿದು, ನಡುವೆ ಒಂದು ಸೇತುವೆಯ ಕೆಳಗೆ ತೂರಿ ಹೋಗುತ್ತಿತ್ತು. ಹೊಳೆಯ ಒಂದು ಕಡೆ ಈಚೆದಂಡೆ ರಾಜ್ಯ, ಇನ್ನೊಂದು ಕಡೆ ಆಚೆದಂಡೆ ರಾಜ್ಯ. ಯಾರದು ಈಚೆ, ಯಾರದು ಆಚೆ ಎಂಬುದರ ಮೇಲೆಯೇ ಮೊದಲ ಜಗಳ ನಡೆದು, ದಾಳ ಹಾಕಿ, ಭಾವ ಸೋತು ಆಚೆದಂಡೆಯ ಒಡೆಯರಾಗಿದ್ದರು.

ಈ ಲೋಕಕ್ಕೆ ಒಂದು ಕಟ್ಟುನಿಟ್ಟಾದ ಕಾನೂನಿತ್ತು, ಅದು ಹುಟ್ಟಿದ್ದು ಭಾವನ ಬಾಯಿಬಡಾಯಿಯಿಂದ. ಅವರ ಬಿಲ್ಲುಗಾರನನ್ನು ಯಾರಾದರೂ ಹತ್ತಿರದಿಂದ ಮುತ್ತಿದರೆ ಅವನು ಬೂಟಿನೊಳಗಿಂದ ಚೂರಿ ತೆಗೆಯುತ್ತಿದ್ದ. ಚೂರಿ ಸಾಲದಿದ್ದರೆ ಬೆನ್ನ ಹಿಂದೆ ಕೊಡಲಿ ಇತ್ತು ಎನ್ನುತ್ತಿದ್ದರು. ಎಲ್ಲಿ, ಕಾಣುತ್ತಿಲ್ಲವಲ್ಲ ಎಂದರೆ, ಕಾಣುವ ಹಾಗೆ ಇಟ್ಟುಕೊಳ್ಳುವುದಕ್ಕೆ ಅವನೇನು ದಡ್ಡನೇ ಎಂದು ತಿರುಗಿ ಕೇಳುತ್ತಿದ್ದರು. ರೋಸಿಹೋದ ಹಲ್ಲಪ್ಪ ಒಂದು ದಿನ ಮೇಜು ಕುಟ್ಟಿ ಹೇಳಿದ: ಗೊಂಬೆಯ ಕೈಯಲ್ಲಿದ್ದರೆ ಇದೆ, ಕೈಯಲ್ಲಿಲ್ಲದಿದ್ದರೆ ಇಲ್ಲ. ಬಟ್ಟೆಯ ಅಳತೆಯಲ್ಲೂ ಹೀಗೇ ತಾನೇ ಎಂದು ಭಾವನೂ ಒಪ್ಪಿದರು. ವರ್ಷಗಟ್ಟಲೆ ಆ ಕಾನೂನು ನಡೆದುಕೊಂಡು ಬಂತು.

ಭಾವನಿಗೆ ಪ್ರಾಣಕ್ಕಿಂತ ಹೆಚ್ಚಾದದ್ದು ಅವರ ಸೇನಾಪತಿ. ಕೆಂಪು ಅಂಗಿ, ಎರಡೂ ಕೈಯಲ್ಲಿ ಎತ್ತಿ ಹಿಡಿದ ಕತ್ತಿ. ಹಲ್ಲುಸೆಟ್ಟಿಗೆ ಹಾಕುವ ತಂತಿಯಿಂದಲೇ ಹಲ್ಲಪ್ಪ ಆ ಕತ್ತಿ ಮಾಡಿದ್ದ. ಒಂದು ಭಾನುವಾರ ಆ ಸೇನಾಪತಿ ಸೇತುವೆಯ ಮೇಲೆ ಒಬ್ಬನೇ ನಿಂತು ಈಚೆದಂಡೆಯ ಇಡೀ ದಂಡನ್ನು ತಡೆದಿದ್ದ. ಭಾವ ಉಬ್ಬಿಹೋಗಿ ಅವನನ್ನು ಒಂದಿಷ್ಟು ಮುಂದೆ ಸರಿಸಲು ಎತ್ತಿದರು. ಹೆಬ್ಬೆರಳು ತಗಲಿ ಕತ್ತಿ ಟಿಂಗೆಂದು ಹಾರಿತು. ಇಬ್ಬರೂ ಮಂಡಿಯೂರಿ ಮೇಜಿನ ಕೆಳಗೆ ತಡಕಿದರೂ ಸಿಗಲಿಲ್ಲ. ಎದ್ದು ಕೂತ ಮೇಲೆ ಹಲ್ಲಪ್ಪ ಮೈಮೇಲಿನ ಧೂಳು ಕೊಡವಿಕೊಂಡು, ಬಹಳ ವಿನಯದಿಂದ, ಸೇನಾಪತಿಯ ಕೈ ಈಗ ಖಾಲಿ ಇರುವುದರಿಂದ ಅವನು ಕಾದಾಡುವಂತಿಲ್ಲ, ಸೇತುವೆ ನಮ್ಮದಾಯಿತು ಎಂದ.

ಭಾವ ಮೊದಲು ನಕ್ಕರು. ಆಮೇಲೆ ಇವನು ನಗುತ್ತಿಲ್ಲ ಎಂದು ಗೊತ್ತಾಯಿತು.

"ಇಷ್ಟು ವರ್ಷ ಅವನ ಕೈಯಲ್ಲಿ ಕತ್ತಿ ಇದ್ದದ್ದು ನಿನಗೆ ಗೊತ್ತಿಲ್ವೇನಯ್ಯ? ಮಾಡಿದವನೇ ನೀನು."

"ಈಗ ಕೈಯಲ್ಲಿಲ್ಲವಲ್ಲ, ಭಾವ."

ಮಾತಿಗೆ ಮಾತು ಬೆಳೆಯಲಿಲ್ಲ, ಬೆಳೆದಿದ್ದರೆ ಒಳ್ಳೆಯದಿತ್ತು. ಭಾವ ತುಟಿ ಬಿಗಿದುಕೊಂಡು ತಮ್ಮ ದಂಡನ್ನು ಒಬ್ಬೊಬ್ಬನನ್ನಾಗಿ ಚಪ್ಪಲಿಯ ರಟ್ಟಿನ ಪೆಟ್ಟಿಗೆಗೆ ತುಂಬಿದರು. ಆಮೇಲೆ ಸೇತುವೆಯನ್ನು ಎತ್ತಿ ಪಕ್ಕಕ್ಕಿಟ್ಟು, ಹೊಳೆಯನ್ನು ಎಳೆದು, ನಾಲ್ಕು ಮಡಿಕೆ ಮಡಚಿ ಕಂಕುಳಲ್ಲಿ ಇರುಕಿಕೊಂಡು ನಡೆದೇಬಿಟ್ಟರು. ಗೆದ್ದ ಸೇತುವೆ ಒಣ ಮೇಜಿನ ಮೇಲೆ ಕಮಾನು ಎತ್ತಿಕೊಂಡು ಬೆಪ್ಪಾಗಿ ನಿಂತಿತ್ತು.

ಅದಾದ ಮೇಲೆ ಭಾನುವಾರ ಅಕ್ಕ ಒಬ್ಬಳೇ ಬರತೊಡಗಿದಳು. ಭಾವನಿಗೆ ಹೊಲಿಗೆ ಕೆಲಸ ಬಹಳವಂತೆ. ಮರುವಾರವೂ ಹೊಲಿಗೆ ಬಹಳ. ಇಡೀ ಊರೇ ಬೆತ್ತಲೆ ನಿಂತಿದ್ದರೂ ಅಷ್ಟು ಹೊಲಿಗೆ ಇರುವುದಿಲ್ಲ ಎಂದು ಹಲ್ಲಪ್ಪನ ಹೆಂಡತಿ ಅಂದಳು. ಹಲ್ಲಪ್ಪ ಮಾತ್ರ ತನ್ನ ಪಟ್ಟು ಬಿಡಲಿಲ್ಲ. ಕಾನೂನು ಕಾನೂನೇ, ಅದನ್ನು ಒಪ್ಪಿಕೊಂಡವರೂ ಅವರೇ. ಅವನು ಹೇಳುವುದರಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ, ಅದೇ ಅವನ ಸಂಕಟ. ತಪ್ಪಿದ್ದರೆ ಹೋಗಿ ಒಪ್ಪಿಕೊಂಡು ಕರೆದುಕೊಂಡು ಬರಬಹುದಿತ್ತು. ಅವನಿಗೆ ಭಾವ ಬೇಕಾಗಿತ್ತು. ಭಾನುವಾರದ ಊಟವಾದ ಮೇಲೆ ಮೇಜು ಒರೆಸುವಾಗ ಅವನ ಕೈ ತಾನಾಗಿಯೇ ಹೊಳೆ ಹಾಸುವ ಜಾಗವನ್ನು ಒಮ್ಮೆ ಹೆಚ್ಚಾಗಿ ಒರೆಸುತ್ತಿತ್ತು.

ಇಂಥ ಹೊತ್ತಿನಲ್ಲಿ ಅವನ ಕಣ್ಣಿಗೆ ಬಿದ್ದದ್ದು ಮಗಳ ಪುಸ್ತಕ. ಮಗಳು ಕಾಲೇಜು ಮುಗಿಸಿ ಒಂದು ಔಷಧದಂಗಡಿಯಲ್ಲಿ ಕೆಲಸಕ್ಕಿದ್ದಳು; ರಜೆಯ ದಿನ ಗೆಳತಿಯರೊಡನೆ ಪಾತ್ರದಾಟ ಆಡುತ್ತಿದ್ದಳು. ಅದರ ನಿಯಮಗಳ ದಪ್ಪ ಪುಸ್ತಕ ಅದು. ಈ ಆಟದಲ್ಲಿ ಎರಡು ಪಕ್ಷವಿಲ್ಲ ಎಂದು ಅವಳು ವಿವರಿಸಿದಳು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ನಾನು ಹೀಗೆ ಮಾಡುತ್ತೇನೆ ಎಂದು ಬಾಯಲ್ಲಿ ಹೇಳುವುದು. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಉಳಿದದ್ದೆಲ್ಲ, ಎಂದರೆ ಊರು, ಕಾಡು, ಶತ್ರು, ಮಳೆ, ನಾಯಿ, ಎಲ್ಲವೂ ಸೂತ್ರಧಾರನೊಬ್ಬನದು. ನಿಯಮ ಪುಸ್ತಕದ್ದು, ಲೋಕ ನಮ್ಮದೇ ತಂದುಕೊಳ್ಳಬಹುದು.

ಹಲ್ಲಪ್ಪನಿಗೆ ಕೇಳಿಸಿದ್ದು ಒಂದೇ: ಎದುರಾಳಿ ಬೇಕಾಗಿಲ್ಲ. ಭಾವ ಬಾರದೆಯೂ ಆಚೆದಂಡೆ, ಈಚೆದಂಡೆಗಳು ಉಳಿಯಬಹುದು. ಅವನು ತನ್ನ ಲೋಕವನ್ನು ಆ ಪುಸ್ತಕದ ಅಳತೆಗೆ ಕತ್ತರಿಸಿ ಹೊಲಿಯಲು ಅವತ್ತೇ ಕೂತ.

ಹೊಲಿಗೆ ಅಷ್ಟು ಸುಲಭದ್ದಾಗಿರಲಿಲ್ಲ. ಗೊಂಬೆಯುದ್ಧದಲ್ಲಿ ಒಬ್ಬ ಸೈನಿಕನಿಗೆ ಬೇಕಾದದ್ದು ನಡಿಗೆ, ಏಟು, ತಾಳಿಕೆ, ಇಷ್ಟೇ. ಪುಸ್ತಕ ಅದರ ಮೇಲೆ ಬುದ್ಧಿ ಎಷ್ಟು, ವಿವೇಕ ಎಷ್ಟು, ಮಾತಿನ ಮೋಡಿ ಎಷ್ಟು ಎಂದು ಕೇಳುತ್ತಿತ್ತು. ತಳ್ಳಿದ ಕಡೆ ಹೋಗುತ್ತಿದ್ದ ಗೊಂಬೆಗಳಿಗೆ ಬುದ್ಧಿ ಎಲ್ಲಿಂದ ತರುವುದು? ಎಲ್ಲರಿಗೂ ಒಂದೇ ಸಮ ಹಂಚಿಬಿಟ್ಟ. ಹೆಂಡತಿ ಬಗ್ಗಿ ನೋಡಿ, ಕುದುರೆಗೂ ಸೈನಿಕರಿಗೂ ಬುದ್ಧಿ ಸಮವೇ ಎಂದು ಕೇಳಿದಾಗ, ಇಲ್ಲ, ಕುದುರೆಗೆ ಸ್ವಲ್ಪ ಹೆಚ್ಚು ಕೊಟ್ಟಿದ್ದೇನೆ ಎಂದ.

ಇಂಚುಗಳನ್ನು ಹೆಜ್ಜೆಗೆ ಪರಿವರ್ತಿಸಿದಾಗ ಇನ್ನೊಂದು ಅನಾಹುತ ಹೊರಬಿತ್ತು. ಊಟದ ಮೇಜಿನ ಲೆಕ್ಕದಲ್ಲಿ ಎರಡು ರಾಜ್ಯಗಳೂ ಕೂಡಿ ಒಂದು ತರಕಾರಿ ಮಾರುಕಟ್ಟೆಯಷ್ಟು ಅಗಲವಿದ್ದವು. ಆಚೆದಂಡೆಯ ಕಾವಲುಗಾರ ಸೀನಿದರೆ ಈಚೆದಂಡೆಯ ಅರಮನೆಗೆ ಕೇಳಿಸುತ್ತಿತ್ತು.

"ಇಷ್ಟಗಲ ಜಾಗಕ್ಕೇನೋ ನೀವಿಬ್ಬರೂ ಇಷ್ಟು ವರ್ಷ ಹೊಡೆದಾಡಿದ್ದು?" ಎಂದಳು ಅಕ್ಕ.

ಅವನು ಮುಖ ಹುಳ್ಳಗೆ ಮಾಡಿಕೊಂಡು ಒಂದು ಇಂಚಿಗೆ ಒಂದು ಮೈಲಿ ಎಂದು ತಿದ್ದಿದ. ಆಗ ಸೇತುವೆಯೇ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವಷ್ಟು ಉದ್ದವಾಯಿತು. ಅದನ್ನೂ ತಿದ್ದಿದ. ಅಷ್ಟರಲ್ಲಿ ಮಗಳು, ಇವರೆಲ್ಲ ಊಟಕ್ಕೆ ಏನು ಮಾಡುತ್ತಾರೆ ಅಪ್ಪ ಎಂದು ಕೇಳಿದಳು. ಹಲ್ಲಪ್ಪ ಕಕ್ಕಾಬಿಕ್ಕಿಯಾದ. ಅವನ ಲೋಕದಲ್ಲಿ ಕೋಟೆಯಿತ್ತು, ಗೋಪುರವಿತ್ತು. ಹೊಲವಿರಲಿಲ್ಲ, ಒಲೆಯಿರಲಿಲ್ಲ, ಹೆಂಗಸರು ಮಕ್ಕಳು ಯಾರೂ ಇರಲಿಲ್ಲ, ಒಬ್ಬನಿಗೂ ಮಲಗಲು ಮಂಚವಿರಲಿಲ್ಲ. ಇಷ್ಟು ವರ್ಷ ಅವರೆಲ್ಲ ಹಸಿದುಕೊಂಡು ನಿಂತೇ ಕಾದಾಡಿದ್ದರು. ಆ ವಾರವೆಲ್ಲ ಅವನು ಒಂದು ಕೈಯಲ್ಲಿ ಯಾರದೋ ಕೆಳದವಡೆಯ ಸೆಟ್ಟು ಹಿಡಿದು ಉಜ್ಜುತ್ತಾ, ತಲೆಯೊಳಗೆ ಊರು ಕಟ್ಟುತ್ತಾ, ಗದ್ದೆ ಬಿತ್ತುತ್ತಾ ಕೂತಿದ್ದ. ಕಂಡವರಿಗೆ ಮನುಷ್ಯ ಪೂರ್ತಿ ಕಳೆದುಹೋಗಿದ್ದಾನೆ ಅನ್ನಿಸುತ್ತಿತ್ತು.

ಎಲ್ಲವನ್ನೂ ಬದಲಾಯಿಸಿದ, ಒಂದನ್ನು ಬಿಟ್ಟು. ಕೈಯಲ್ಲಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅದನ್ನು ಸಡಿಲಿಸಿದರೆ ಸೇತುವೆಯ ತೀರ್ಪೂ ಸಡಿಲವಾಗುತ್ತದಲ್ಲ. ಪುಸ್ತಕದಲ್ಲಿ ಅಂಥ ನಿಯಮವೇ ಇಲ್ಲ ಎಂದು ಮಗಳು ಹೇಳಿದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ಆಟ ಆ ಭಾನುವಾರ ನಡೆಯಿತು. ಮೂವರೂ ತಮ್ಮ ತಮ್ಮ ಗೊಂಬೆ ಆರಿಸಿಕೊಂಡರು. ಮಗಳು ಬಿಲ್ಲಿಗೆ ಬಾಣ ಹೂಡಿ ನಿಂತವನನ್ನು, ಅಕ್ಕ ಎರಡೂ ಕೈಯಲ್ಲಿ ಕೋಲು ಹಿಡಿದ ನಗಾರಿಯವನನ್ನು, ಹೆಂಡತಿ ಈಟಿ ಗುರಾಣಿಗಳ ದಪ್ಪ ಮೀಸೆಯವನನ್ನು. ಇವಳು ಹೆಂಗಸು ಎಂದು ಹೆಂಡತಿ ಘೋಷಿಸಿದಳು. ಮೀಸೆ ಇದೆಯಲ್ಲೇ ಎಂದರೆ, ಅದು ನೀವು ಬಳಿದ ಬಣ್ಣ ತಾನೇ, ಅವಳೇನು ಬೆಳೆಸಿದ್ದಲ್ಲವಲ್ಲ ಎಂದಳು. ಸೂತ್ರಧಾರನಾಗಿದ್ದ ಹಲ್ಲಪ್ಪ ಕಥೆ ಶುರುಮಾಡಿದ. ಗಡಿಯ ಗೋಪುರದಲ್ಲಿ ಏನೋ ಒಂದು ರಹಸ್ಯ ಅಡಗಿದೆ, ಹೋಗಿ ಕಂಡುಹಿಡಿಯಬೇಕು.

ದಾರಿಯಲ್ಲಿ ಅವನು ಹೊಸದಾಗಿ ಕಟ್ಟಿದ ಊರು ಬಂತು. ಊರಿನವರು ಒಳ್ಳೆಯವರು, ದಣಿದ ಮೂವರಿಗೂ ಬಿಸಿಬಿಸಿ ಊಟ ತಂದಿಟ್ಟರು. ಅಕ್ಕ ಉಣ್ಣುತ್ತೇನೆ ಎಂದಳು.

"ಆಗಲ್ಲ ಅಕ್ಕ. ನಿನ್ನ ಎರಡೂ ಕೈಯಲ್ಲಿ ಕೋಲಿದೆ."

"ಕೋಲು ಪಕ್ಕಕ್ಕಿಡ್ತೀನಿ ಕಣೋ."

"ಹೇಗಿಡ್ತೀಯ? ಅಂಟಿದೆ ನೋಡು."

ಮೂವರೂ ಊಟದ ಮುಂದೆ ನಿಂತು ವಾಸನೆ ಕುಡಿದು ಮುಂದೆ ಹೊರಟರು. ಕಡುಕೋಪ ಬಂದದ್ದು ಹೆಂಡತಿಗೆ. ಹೊಟ್ಟೆಗಿಲ್ಲದೆ ನಡೆಸುವ ಇಂಥ ದೊರೆಯನ್ನು ತಾನು ಮನೆಯಲ್ಲೂ ಕಂಡಿಲ್ಲ ಎಂದಳು. ಹಾಗೂ ಹೀಗೂ ಗೋಪುರ ಸಿಕ್ಕಿತು. ಗೋಪುರಕ್ಕೊಂದು ಬಾಗಿಲು, ಬಾಗಿಲಿಗೊಂದು ಚಿಲಕ. ಬೀಗವಿಲ್ಲ, ಮಂತ್ರವಿಲ್ಲ, ಕಾವಲಿಲ್ಲ. ಬರೀ ಚಿಲಕ ಎಂದು ಹಲ್ಲಪ್ಪ ಉದಾರವಾಗಿ ಹೇಳಿದ.

ಆಗ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಚಿಲಕ ತೆಗೆಯಲು ಕೈ ಬೇಕು.

ಮಗಳು ಬಾಗಿಲಿಗೆ ಬಾಣ ಬಿಟ್ಟಳು; ಬಾಣ ನಾಟಿತು, ಬಾಗಿಲು ಅಲ್ಲಾಡಲಿಲ್ಲ, ಹೊಸ ಬಾಣ ತಕ್ಷಣ ಅವಳ ಕೈಯಲ್ಲಿ ಪ್ರತ್ಯಕ್ಷವಾಯಿತು, ಏಕೆಂದರೆ ಗೊಂಬೆಯ ಕೈಯಲ್ಲಿತ್ತಲ್ಲ. ಒದೆಯುತ್ತೇನೆ ಎಂದಳು ಹೆಂಡತಿ. ಕಾಲು ಪೀಠಕ್ಕೆ ಅಂಟಿತ್ತು. ಹಲ್ಲಲ್ಲಿ ಕಚ್ಚಿ ಎಳೆಯುತ್ತೇನೆ ಎಂದಳು. ಊರಿಗೆಲ್ಲ ಹಲ್ಲು ಕಟ್ಟುವ ಗಂಡ, ಬಾಯಿ ಮುಚ್ಚಿದೆ ಎಂದ. ಕುದುರೆಯ ಬಾಯಿ ತೆರೆದಿದೆಯಲ್ಲ ಎಂದು ಮಗಳು ಹುರುಪಿನಿಂದ ಕೂಗಿದಳು. ಹಲ್ಲಪ್ಪ ಕುದುರೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಬಾಯಲ್ಲಿ ಕಡಿವಾಣ ಇದೆ ಎಂದು ವಿಷಾದದಿಂದ ಕೆಳಗಿಟ್ಟ. ಅಕ್ಕ ನಗಾರಿ ಬಾರಿಸಿ ಒಳಗಿದ್ದವರನ್ನು ಕರೆದಳು. ಒಳಗೆ ಯಾರೂ ಇರಲಿಲ್ಲ.

"ಅಪ್ಪ, ಈ ಲೋಕದಲ್ಲಿ ಒಂದು ಕೈಯಾದ್ರೂ ಖಾಲಿ ಇರೋನು ಯಾರೂ ಇಲ್ವಾ?"

ಹಲ್ಲಪ್ಪ ಕಪಾಟು ತೆಗೆದು ತನ್ನ ಇಡೀ ದಂಡನ್ನು ಮೇಜಿನ ಮೇಲೆ ಸುರಿದ. ಕತ್ತಿ, ಗುರಾಣಿ, ಕೊಡಲಿ, ಕಹಳೆ, ಧ್ವಜ, ಲಗಾಮು. ಎಲ್ಲರ ಎರಡೂ ಕೈ ತುಂಬಿತ್ತು. ಬರಿಗೈಯವನನ್ನು ಯಾರು ತಾನೇ ಮಾಡುತ್ತಾರೆ? ಗೊಂಬೆಗಳ ನಡುವೆ ಬೆರಳಾಡಿಸುತ್ತಿದ್ದವನು ಇದ್ದಕ್ಕಿದ್ದಂತೆ ನಿಲ್ಲಿಸಿದ. ಒಬ್ಬನಿದ್ದ. ಕೆಂಪು ಅಂಗಿಯವನು. ಹಿಂದಿನ ಬೀದಿಯ ಮೂಲೆಮನೆಯಲ್ಲಿ ಚಪ್ಪಲಿ ಪೆಟ್ಟಿಗೆಯೊಳಗೆ.

ಅಕ್ಕ ತಟ್ಟೆಯಲ್ಲಿದ್ದ ಬಿಸ್ಕತ್ತೊಂದನ್ನು ತೆಗೆದುಕೊಂಡು, ತನ್ನ ನಗಾರಿಯವನಿಗೆ ತೋರಿಸಿ ತೋರಿಸಿ ತಿಂದಳು. ತಾನಂತೂ ಅವರನ್ನು ಕರೆಯುವುದಿಲ್ಲ, ಬಾಗಿಲು ಹಾಕಿದವನೇ ಕರೆಯಲಿ ಎಂದಳು.

ಹಲ್ಲಪ್ಪ ಕರೆಯಲಿಲ್ಲ. ಬದಲಿಗೆ ಆ ವಾರ ಕೋಣೆಯ ಬಾಗಿಲು ಹಾಕಿಕೊಂಡು ಬರಿಗೈಯ ಹೊಸ ಗೊಂಬೆಯೊಂದನ್ನು ಎರೆದ. ಐದೂ ಬೆರಳು ಬಿಡಿಬಿಡಿಯಾಗಿ ಎಣಿಸುವ ಹಾಗೆ ಬಂದಿದ್ದವು. ಇನ್ನೊಂದು ಭಾನುವಾರ ಅದನ್ನು ಬಾಗಿಲ ಮುಂದೆ ನಿಲ್ಲಿಸಿ, ಇವನು ದಾರಿಹೋಕ, ಬಾಗಿಲು ತೆಗೆಯುತ್ತಾನೆ ಎಂದ. ಮಗಳು ಪುಸ್ತಕ ತೆರೆದಳು. ಹೊಸ ಪಾತ್ರ ಬಂದರೆ ಅವನು ಯಾರು, ಅವನಿಗೆ ಏನು ಬೇಕು, ಯಾವುದಕ್ಕೆ ಹೆದರುತ್ತಾನೆ ಎಂದು ಸೂತ್ರಧಾರ ಹೇಳಬೇಕಂತೆ.

ಹಲ್ಲಪ್ಪ ತಲೆ ಕೆರೆದುಕೊಂಡ. ಇವನಿಗೆ ಬಾಗಿಲು ತೆಗೆಯಬೇಕು ಎಂದ. ಅಕ್ಕ ಆ ಗೊಂಬೆಯನ್ನು ಕನಿಕರದಿಂದ ನೋಡಿ, ಪಾಪ, ಬಾಗಿಲು ತೆಗೆಯುವುದಕ್ಕೇ ಹುಟ್ಟಿದವನೇ, ಮನೆಮಠ ಏನೂ ಇಲ್ಲವೇ ಎಂದಳು. ಇವನು ಸುಳ್ಳು ಎಂದು ಹೆಂಡತಿ ಒಂದೇ ಮಾತಿನಲ್ಲಿ ತಳ್ಳಿಹಾಕಿದಳು.

"ಹಾಗಾದ್ರೆ ಸೇನಾಪತಿ ಯಾರು, ಅವನಿಗೇನು ಬೇಕು? ಅದನ್ನಾದ್ರೂ ಹೇಳಿ ನೋಡೋಣ" ಎಂದು ಅವಳೇ ಕೇಳಿದಳು.

ಸೇನಾಪತಿಯ ಬಗ್ಗೆ ಹಲ್ಲಪ್ಪನಿಗೆ ಯೋಚಿಸಬೇಕಾಗಲಿಲ್ಲ. ಅವನು ಗೆಲ್ಲುವ ಮೊದಲೇ ಸಿಳ್ಳೆ ಹಾಕುತ್ತಾನೆ, ಅದರಿಂದಲೇ ಸೋಲುತ್ತಾನೆ ಎಂದ. ಸತ್ತ ಸೈನಿಕರನ್ನು ತಟ್ಟೆಗೆ ಎಸೆಯುವುದಿಲ್ಲ, ಮಲಗಿಸುತ್ತಾನೆ. ಚಹಾ ಆರಿದ ಮೇಲೆ ಆರಿತು ಎಂದು ಬೈದುಕೊಂಡೇ ಕುಡಿಯುತ್ತಾನೆ. ಇಲ್ಲದ ಕೊಡಲಿಯನ್ನು ಇದೆ ಎನ್ನುತ್ತಾನೆ, ಆದರೆ ಎದುರಾಳಿಯ ಗೊಂಬೆ ಬಿದ್ದು ಉರುಳಿದರೆ ಯಾವ ಜಾಗದಲ್ಲಿತ್ತೋ ಅದೇ ಜಾಗದಲ್ಲಿ ತಂದಿಡುತ್ತಾನೆ, ಒಂದು ದಾರದಷ್ಟೂ ಹಿಂದೆ ಇಡುವುದಿಲ್ಲ. ಅವನಿಗೆ ಸೇತುವೆ ಬೇಕಾಗಿಲ್ಲ. ಸೇತುವೆಯ ಮೇಲೆ ಚೆನ್ನಾಗಿ ನಿಂತೆ ಅಂತ ಯಾರಾದರೂ ಹೇಳಬೇಕಾಗಿತ್ತು. ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು. ಹೆದರಿಕೆ ಯಾವುದಕ್ಕೆ ಎಂದು ಮಗಳು ಕೇಳಲಿಲ್ಲ, ಪುಸ್ತಕ ಮುಚ್ಚಿದಳು.

ಮರುದಿನ ಹಲ್ಲಪ್ಪ ಭಾವನ ಅಂಗಡಿಯ ಮೆಟ್ಟಿಲು ಹತ್ತಿದ. ಒಳಗೆ ಕತ್ತರಿಸಿದ ಬಟ್ಟೆಯ ಚೂರುಗಳು, ಸುಣ್ಣದ ಬಿಲ್ಲೆ, ಗೋಡೆಯುದ್ದಕ್ಕೂ ನೇತುಬಿದ್ದ ಯಾರಯಾರದೋ ಪ್ಯಾಂಟುಗಳು. ಭಾವ ಬಾಯಲ್ಲಿ ಗುಂಡುಸೂಜಿಗಳ ಸಾಲು ಕಚ್ಚಿಕೊಂಡು ಒಂದು ಕೋಟಿನ ತೋಳು ಕೂರಿಸುತ್ತಿದ್ದರು. ಸೂಜಿ ತೆಗೆಯಲೂ ಇಲ್ಲ, ಕೂತುಕೋ ಎನ್ನಲೂ ಇಲ್ಲ. ಹಲ್ಲಪ್ಪ ಹಳೆ ಚಾಳಿಯಂತೆ ಆ ಬಾಯಿಯನ್ನೇ ನೋಡುತ್ತಾ, ಒಂದು ಬಾಗಿಲು ತೆಗೆಯಬೇಕಾಗಿತ್ತು ಭಾವ ಎಂದ. ಭಾವ ಮೂಗಿನಲ್ಲೇ ಏನೋ ಅಂದರು. ಬಡಗಿಯನ್ನು ಕರಿ ಎಂದಿರಬೇಕು. ಆ ಬಾಗಿಲಲ್ಲ, ಗೋಪುರದ್ದು ಎಂದು ಹಲ್ಲಪ್ಪ ಮೊದಲಿಂದ ಕಡೆಯವರೆಗೆ ಹೇಳಿದ: ಹಸಿದ ಮೂವರು, ಮೀಸೆಯ ಹೆಂಗಸು, ಕಡಿವಾಣ ಕಚ್ಚಿದ ಕುದುರೆ. ಸೂಜಿಗಳು ಒಂದೆರಡು ಸಲ ನಡುಗಿದವು, ಆದರೆ ಭಾವ ನಗಲಿಲ್ಲ. ಬಾಯಲ್ಲಿದ್ದ ಸೂಜಿಗಳೆಲ್ಲ ಕೋಟಿಗೆ ಹೋದ ಮೇಲೆ ಕೇಳಿದರು.

"ಬೇರೆ ಯಾರೂ ಇಲ್ವಾ ನಿನಗೆ?"

"ಬೇರೆ ಯಾರೂ ಇಲ್ಲ, ಭಾವ."

ಭಾವ ಇನ್ನೊಂದು ತೋಳು ಎತ್ತಿಕೊಂಡರು. ಕೆಲಸ ಬಹಳ ಇದೆ, ನೋಡೋಣ ಎಂದರು.

ಭಾನುವಾರ ಮಧ್ಯಾಹ್ನ ಅಕ್ಕನ ಹಿಂದೆ ಭಾವ ಬಂದರು. ಒಂದು ಕಂಕುಳಲ್ಲಿ ಚಪ್ಪಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಬಟ್ಟೆಚೀಲ. ಯಾರ ಮುಖವನ್ನೂ ನೋಡದೆ ತಮ್ಮ ಹಳೆ ಕುರ್ಚಿಯಲ್ಲಿ ಕೂತು, ಪೆಟ್ಟಿಗೆ ತೆರೆದು ಸೇನಾಪತಿಯನ್ನು ಮೇಜಿನ ನಟ್ಟನಡುವೆ ಇಟ್ಟರು.

ಸೇನಾಪತಿಯ ಕೈಯಲ್ಲಿ ಕತ್ತಿಯಿತ್ತು. ಕೈಹೊಲಿಗೆಯ ಒಂದು ಉದ್ದ ಸೂಜಿ, ಮುಷ್ಟಿಯ ಸುತ್ತ ಅಂಟು ಸುರಿದು ಅವನ ಎರಡೂ ಕೈ ಸೇರಿ ಒಂದು ಉಂಡೆಯಾಗಿತ್ತು. ಕತ್ತಿ ಸೇನಾಪತಿಗಿಂತ ಉದ್ದವಿತ್ತು. ಬೀಳದಿರಲೆಂದು ಅವನ ಬೆನ್ನಿಗೆ ಒಂದು ಅಂಗಿಗುಂಡಿಯನ್ನೂ ಆಸರೆಗೆ ಅಂಟಿಸಿದ್ದರು. ಬಟ್ಟೆಯ ಮೇಲೆ ದೇವತೆಯಂತೆ ಓಡಾಡುವ ಆ ಬೆರಳುಗಳು ಅಂಟು ಹಿಡಿದು ಪಟ್ಟ ಪಾಡೆಲ್ಲ ಅಲ್ಲಿ ಕಾಣುತ್ತಿತ್ತು.

"ಈಗ ಕೈಯಲ್ಲಿದೆ. ಸೇತುವೆ ಯಾರದಯ್ಯ?"

ಕಾನೂನಿನ ಪ್ರಕಾರ ಸೇತುವೆ ಅವರದೇ. ಕಾನೂನಿನ ಪ್ರಕಾರವೇ ಬಾಗಿಲೂ ಮುಚ್ಚಿಯೇ ಇತ್ತು. ಹಲ್ಲಪ್ಪ ಗೋಪುರದ ಕಡೆ ನೋಡಿದ. ಉಳಿದ ಮೂವರೂ ಅದನ್ನೇ ನೋಡಿದರು. ಭಾವನಿಗೂ ತಿಳಿಯಿತು. ಅವರ ಮುಖದಲ್ಲಿದ್ದ ಗೆಲುವು ಇಳಿದುಹೋಯಿತು. ಅವರು ಸೇತುವೆಗಾಗಿ ಮಾತ್ರ ಬಂದವರಲ್ಲ, ಬಾಗಿಲು ತೆಗೆಯಲೂ ಬಂದಿದ್ದರು.

"ಇಷ್ಟು ದಿನದ ಮೇಲೆ ಬರ್ತಿದೀನಿ, ಖಾಲಿ ಕೈಯಲ್ಲಿ ಹೇಗೆ ಬರೋದು ಅಂತ..." ಎಂದು ತಮ್ಮಷ್ಟಕ್ಕೇ ಅನ್ನುತ್ತಾ ಸೇನಾಪತಿಯನ್ನು ಎತ್ತಿಕೊಂಡು, ಆ ಸೂಜಿಯನ್ನು ಎರಡು ಬೆರಳಿನ ನಡುವೆ ಹಿಡಿದು ಮುರಿಯಲು ಬಗ್ಗಿಸಿದರು.

ಹಲ್ಲಪ್ಪ ಮೇಜಿನ ಮೇಲೆ ಅರ್ಧ ಮಲಗಿ ಅವರ ಮಣಿಕಟ್ಟು ಹಿಡಿದ. ಅವನ ಹೊಟ್ಟೆ ತಗಲಿ ಈಚೆದಂಡೆಯ ಅರ್ಧ ದಂಡು ಉರುಳಿತು.

"ಮುರೀಬೇಡಿ ಭಾವ. ಕೆಳಗಿಡಲಿ."

"ಅಂಟಿದೆಯಲ್ಲಯ್ಯ."

"ಗೊಂಬೆಗೆ ಅಂಟಿದೆ. ಅವನು ಮನುಷ್ಯ, ಕೆಳಗಿಡ್ತಾನೆ."

"ಹಾಗಾದ್ರೆ ನಮಗೆ ಊಟ ಬಂದ ದಿನ ನಾವು ಮನುಷ್ಯರಾಗಿರಲಿಲ್ವೇನ್ರಿ?" ಎಂದಳು ಹೆಂಡತಿ.

ಭಾವ ಸೇನಾಪತಿಯನ್ನು ಬಾಗಿಲ ಮುಂದಿಟ್ಟರು. ಆದರೆ ಕೈ ತೆಗೆಯಲಿಲ್ಲ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಇನ್ನೊಮ್ಮೆ ಅಳೆದು ನೋಡುವ ಮನುಷ್ಯ ಅವರು. ನಿಧಾನವಾಗಿ ಕೇಳಿದರು.

"ಕೆಳಗಿಡಬಹುದು ಅಂದ್ರೆ, ಕೆಳಗೆ ಬಿದ್ದದ್ದನ್ನ ಎತ್ಕೋಬಹುದು ತಾನೇ?"

ಆ ಪ್ರಶ್ನೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಹಲ್ಲಪ್ಪನಿಗೆ ಆಗಲೇ ಕಂಡಿತ್ತು. ಎತ್ತಿಕೊಳ್ಳಬಹುದು ಎಂದ.

"ಹಾಗಾದ್ರೆ ಆವತ್ತು ಸೇತುವೆ ಮೇಲೆ ನಮ್ಮವನು ಬಗ್ಗಿ ಅವನ ಕತ್ತಿ ಎತ್ಕೋಬಹುದಿತ್ತು."

ಹಲ್ಲಪ್ಪ ಜೀವನದಲ್ಲಿ ಮೊದಲ ಸಲ ಭಾವನ ಬಾಯಿಯನ್ನು ಬಿಟ್ಟು ಅವರ ಕಣ್ಣು ನೋಡಿದ. ಅವು ಚಿಕ್ಕ ಕಣ್ಣುಗಳು, ಒಂದಿಷ್ಟು ಕೆಂಪಾಗಿದ್ದವು.

"ಎತ್ಕೋಬಹುದಿತ್ತು, ಭಾವ. ಚೆನ್ನಾಗಿ ನಿಂತಿದ್ದ ಅವನು."

ಭಾವ ಮೂಗು ಉಜ್ಜಿಕೊಂಡರು. ಬಟ್ಟೆಚೀಲದೊಳಗೆ ಕೈ ಹಾಕಿ ಹೊಳೆಯನ್ನು ಹೊರಗೆ ತೆಗೆದರು. ಇಸ್ತ್ರಿ ಮಾಡಿದ್ದರು, ಮಡಿಕೆಯ ಗೆರೆಯೂ ಇರಲಿಲ್ಲ. ಉರುಳಿಬಿದ್ದ ಈಚೆದಂಡೆಯ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಅವರವರ ಜಾಗದಲ್ಲೇ ಎಬ್ಬಿಸಿ ನಿಲ್ಲಿಸಿ, ಮೇಜಿನ ಉದ್ದಕ್ಕೂ ಹೊಳೆ ಹಾಸಿ, ಸೇತುವೆಯ ಕೆಳಗೆ ತೂರಿಸಿ, ಅಂಗೈಯಿಂದ ಸವರಿದರು. ಇಷ್ಟಾದ ಮೇಲೆ ಕುರ್ಚಿಗೆ ಒರಗಿ ಸಿಳ್ಳೆ ಹಾಕುತ್ತಾ, ಚಿಲಕ ತೆಗೆದೆ, ಒಳಗೇನಿದೆ ಎಂದು ಕೇಳಿದರು.

ಹಲ್ಲಪ್ಪ ಬಾಯಿ ತೆರೆದ. ಬಾಗಿಲ ಒಳಗೆ ಏನಿದೆ ಎಂದು ಅವನು ಯೋಚಿಸಿಯೇ ಇರಲಿಲ್ಲ. ಹೊಲ ಬಿತ್ತಿದ್ದ, ಊರು ಕಟ್ಟಿದ್ದ, ಕುದುರೆಗೆ ಬುದ್ಧಿ ಕೊಟ್ಟಿದ್ದ. ಗೋಪುರದ ಒಳಗೆ ಒಂದು ಸ್ಟೂಲನ್ನೂ ಇಟ್ಟಿರಲಿಲ್ಲ. ಅದು ಗೊತ್ತಾದದ್ದೇ ತಡ ಮಗಳು ಪುಸ್ತಕದ ಮೇಲೆ ತಲೆಯಿಟ್ಟು ನಗತೊಡಗಿದಳು. ಅಕ್ಕ, ಮೊದಲು ಆ ಊರಿಗೆ ವಾಪಸು ಹೋಗಿ ಊಟ ಮಾಡೋಣ, ಅಷ್ಟರಲ್ಲಿ ಅವನು ಏನಾದರೂ ಮಾಡಿಡುತ್ತಾನೆ ಎಂದಳು. ಹಾಗೇ ಆಯಿತು. ನಾಲ್ವರೂ ಆಯುಧಗಳನ್ನು ಹೊಸ್ತಿಲ ಹೊರಗೆ ಒರಗಿಸಿ ಸಂಜೆಯವರೆಗೆ ಉಂಡರು. ಸೇನಾಪತಿ ಎರಡು ಸಲ ಬಡಿಸಿಕೊಂಡ, ಚಹಾ ಆರಿತೆಂದು ಊರಿನವರನ್ನು ಬೈದ.

ಬೆಳಕು ಇಳಿಯುವಾಗ ಭಾವ ಎದ್ದರು. ಗೋಪುರದ ಒಳಗಿನದನ್ನು ಬರುವ ಭಾನುವಾರಕ್ಕೆ ಸಿದ್ಧ ಮಾಡುತ್ತೇನೆ ಎಂದು ಹಲ್ಲಪ್ಪ ಹೇಳಿದ.

"ಬರೋ ಭಾನುವಾರ ನಾನು ಬರ್ತೀನಿ ಅಂತ ಯಾರಯ್ಯ ಹೇಳಿದ್ದು? ಹೊಲಿಗೆ ಎಷ್ಟಿದೆ ಗೊತ್ತಾ?"

ಹಾಗೆಂದು ಚಪ್ಪಲಿ ಹಾಕಿಕೊಂಡು, ಖಾಲಿ ಚೀಲವನ್ನು ಹೆಗಲಿಗೆ ಹಾಕಿ, ಅಕ್ಕನ ಹಿಂದೆ ಮೆಟ್ಟಿಲಿಳಿದು ಹೋದರು. ಹೊಳೆಯನ್ನು ಮಡಚಲಿಲ್ಲ.